ಸದ್ದಿಲ್ಲದ ಕಾರು

ಶುಕ್ರವಾರ ಬೆಳಿಗ್ಗೆ ವಾರಿಜಾಕ್ಷಿಯ ಗ್ರೈಂಡರನ್ನು ಹೊತ್ತು ತನ್ನ ಕಾರಿನ ಹಿಂಬದಿಗೆ ಇಡುವಾಗ ಆಲ್ಫ್ರೆಡ್‌ಗೆ ಹೆಣಕ್ಕೆ ಹೆಗಲು ಕೊಟ್ಟಂತೆ ಅನಿಸಿತು. ಕೊಂದವನೇ ಹೆಗಲು ಕೊಡುವುದೆಂದರೆ ಇನ್ನೂ ಚೆಂದ. ಇನ್ನೊಂದು ತುದಿ ಹಿಡಿದಿದ್ದ ಅವಳ ಗಂಡ ಕೊಗ್ಗ, "ನಿಮಗೆ ಸುಮ್ಮನೆ ತೊಂದರೆ, ಪರ್ಬುಗಳೇ" ಎಂದು ನಾಲ್ಕನೇ ಸಲ ಹೇಳಿದ.

ಮಸ್ಕತ್ತಿನ ಹಮ್ರಿಯಾದ ಆ ಹಳೆಯ ಕಟ್ಟಡದ ಮೊದಲ ಮಹಡಿಯಲ್ಲಿ ಅವರದು ಎದುರುಬದುರು ಮನೆ. ಆಲ್ಫ್ರೆಡ್ ಸೋಲಾರ್ ಫಲಕ ಮಾರುವ ಕಂಪನಿಯಲ್ಲಿ ಸ್ಟೋರ್ ಕೀಪರ್. ಕೊಗ್ಗ ಟೈಪಿಂಗ್ ಆಫೀಸಿನಲ್ಲಿ ಗುಮಾಸ್ತ. ವಾರಿಜಾಕ್ಷಿಗೆ ಆಫೀಸು ಇರಲಿಲ್ಲ, ಗ್ರೈಂಡರ್ ಇತ್ತು. ಇಬ್ಬರು ಹಿಡಿದರೆ ಮಾತ್ರ ಏಳುವಂಥ ಕಲ್ಲಿನ ಗ್ರೈಂಡರ್. ಸುತ್ತಲಿನ ಬ್ಯಾಚುಲರ್ ರೂಮುಗಳವರು ಸಂಜೆ ಡಬ್ಬ ಹಿಡಿದುಕೊಂಡು ಇಡ್ಲಿ ಹಿಟ್ಟಿಗೆ ಅವಳ ಬಾಗಿಲಿಗೆ ಬರುತ್ತಿದ್ದರು. ಹಿಟ್ಟಿನ ಅಕ್ಕ ಎಂದರೆ ಆ ಬೀದಿಯಲ್ಲಿ ಯಾರು ಬೇಕಾದರೂ ದಾರಿ ತೋರಿಸುತ್ತಿದ್ದರು. ಹದಿನೇಳು ವರ್ಷದಲ್ಲಿ ಈ ಊರಿನಲ್ಲಿ ಅವಳು ಸಂಪಾದಿಸಿದ ಹೆಸರು ಅದೊಂದೇ.

ಏಪ್ರಿಲ್‌ನಲ್ಲಿ ಆಲ್ಫ್ರೆಡ್ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರು ಕೊಂಡ. ಕೊಂಡು ಸುಮ್ಮನಿದ್ದನೇ? ಕೊಂಕಣಿ ಬಳಗದ ಸಭೆಯಲ್ಲಿ ಶುದ್ಧ ಇಂಧನದ ಬಗ್ಗೆ ಭಾಷಣವನ್ನೂ ಬಿಗಿದ. "ಹೊಗೆಯಿಲ್ಲ, ಸದ್ದಿಲ್ಲ" ಎಂದು ಕೈಯೆತ್ತಿ ಹೇಳುವಾಗ ಹಿಂದಿನ ಸಾಲಿನಿಂದ ಮಗ ಆಲನ್, "ಬಟ್ ಡ್ಯಾಡಿ, ಇಲ್ಲಿಯ ಕರೆಂಟ್ ಜಾಸ್ತಿ ಗ್ಯಾಸ್ ಸುಟ್ಟೇ ಬರುವುದಲ್ವಾ?" ಎಂದು ಕೇಳಿ ಅಪ್ಪನ ಮಾನ ಕಳೆದಿದ್ದ. ಮನೆಯ ಹತ್ತಿರ ಚಾರ್ಜರ್ ಎಲ್ಲೂ ಇರಲಿಲ್ಲ. ದೂರದ ಮಾಲ್‌ನಲ್ಲಿದ್ದ ಎರಡಕ್ಕೆ ಯಾವಾಗಲೂ ಸಾಲು. ಕಡೆಗೆ ಅವನು ಅಡುಗೆಮನೆಯ ಕಿಟಕಿಯಿಂದ ಹಿಂದಿನ ಓಣಿಗೆ ಒಂದು ವೈರು ಇಳಿಬಿಟ್ಟ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗಿನ ಬಿಡುವಿನಲ್ಲಿ ತನಗೂ ಊಟ, ಕಾರಿಗೂ ಊಟ. ಕೇಳಿದವರಿಗೆ, "ಮೊಬೈಲ್ ಚಾರ್ಜ್ ಮಾಡಿದ ಹಾಗೆ, ಅಷ್ಟೆ" ಎನ್ನುತ್ತಿದ್ದ.

ಮೇ ತಿಂಗಳಲ್ಲಿ ಸೆಕೆ ಏರಿ ಎಸಿಗಳು ಹಗಲಿಡೀ ಓಡತೊಡಗಿದಾಗ ಮಧ್ಯಾಹ್ನ ಫಟ್ಟೆಂದು ಕರೆಂಟು ಹೋಗಲು ಶುರುವಾಯಿತು. ಎರಡೂ ಮನೆಗೆ ಕೆಳಗೆ ಇದ್ದದ್ದು, ಲೋಡು ಹೆಚ್ಚಾದರೆ ತಾನೇ ಬೀಳುವ ಒಂದೇ ಬ್ರೇಕರ್. ಅದು ಬಿದ್ದರೆ ಇಬ್ಬರ ಮನೆಯೂ ಕಾದ ಕಾವಲಿ. ಎರಡನೇ ದಿನವೇ ಆಲ್ಫ್ರೆಡ್ ಕಾರಿನ ವೈರು ಕಿತ್ತು ನೋಡಿದ. ಎದುರುಮನೆಯ ಗ್ರೈಂಡರ್ ಗಡಗಡ ತಿರುಗುತ್ತಲೇ ಇತ್ತು, ಬ್ರೇಕರ್ ಬೀಳಲಿಲ್ಲ. ಅವನಿಗೇನು ಗೊತ್ತಿಲ್ಲದ ವಿದ್ಯೆಯಲ್ಲ. ಕಾರು ಎಳೆಯುವ ಕರೆಂಟಿನಲ್ಲಿ ಅಂಥ ಆರು ಗ್ರೈಂಡರ್ ತಿರುಗಬಹುದಿತ್ತು.

ಮಾಲೀಕರ ಪರವಾಗಿ ಕಟ್ಟಡ ನೋಡಿಕೊಳ್ಳುವ ಬಾಲಸುಬ್ರಹ್ಮಣ್ಯ ಬಂದು ಎರಡು ಬಾಗಿಲುಗಳ ನಡುವೆ ನಿಂತ. "ಆಲ್ಫ್ರೆಡ್, ನೀವು ಕರೆಂಟಿನ ಲೈನಿನವರು. ಎಂತ ಪ್ರಾಬ್ಲಮ್ ಅಂತ ನೀವೇ ಹೇಳಿ."

ಆಗಲೂ ಆ ಗಡಗಡ ಕೇಳಿಸುತ್ತಿತ್ತು. ಸದ್ದು ಮಾಡಿದವರ ಮೇಲೆ ಕಣ್ಣು ಬೀಳುವುದು ಸುಲಭ. "ಗ್ರೈಂಡರ್ ಇರಬಹುದೇನೋ" ಎಂದ ಆಲ್ಫ್ರೆಡ್.

"ಹಾಗಾದ್ರೆ ಖಲಾಸ್. ಗ್ರೈಂಡರ್ ಬಂದ್."

'ಇರಬಹುದೇನೋ' ಎಂದು ಬಾಲ ಸೇರಿಸಿದ್ದರಿಂದ ಅದು ಸುಳ್ಳಾಗುವುದಿಲ್ಲ ಎಂದು ಆಲ್ಫ್ರೆಡ್ ತನಗೆ ತಾನೇ ವಕಾಲತ್ತು ಮಾಡಿಕೊಂಡ. ನಿಜ ಹೇಳಿದರೆ ವೈರು ತೆಗೆಸುತ್ತಾರೆ, ಕಾರು ಓಣಿಯಲ್ಲಿ ಧೂಳು ತಿನ್ನುತ್ತದೆ, ಬೇಡ ಬೇಡ ಎಂದಿದ್ದ ಹೆಂಡತಿ ಡಾಲಿ ಸಾಯುವವರೆಗೂ ಆಡಿಕೊಳ್ಳುತ್ತಾಳೆ. ಗ್ರೈಂಡರ್ ನಿಂತ ಮೇಲೂ ಕರೆಂಟು ಹೋದರೆ ಗುಟ್ಟು ರಟ್ಟಾಗುತ್ತದಲ್ಲ? ಅದಕ್ಕೆ ಅವನು ಮಧ್ಯಾಹ್ನ ತನ್ನ ಮನೆಯ ಎಸಿಗಳನ್ನೆಲ್ಲ ಆರಿಸಿ, ಬನಿಯನ್ ಹಿಂಡುವಷ್ಟು ಬೆವರುತ್ತ ಕಾರು ಚಾರ್ಜ್ ಮಾಡಿದ. ಹೀಗೆ ಆರು ವಾರ. ಸಂಜೆ ಡಬ್ಬ ಹಿಡಿದು ಬಂದವರು ವಾಪಸ್ ಹೋಗುವುದನ್ನು ಬಾಗಿಲಲ್ಲಿ ನಿಂತು ನೋಡಿದ. ವಾರಿಜಾಕ್ಷಿ ಪ್ರತಿಯೊಬ್ಬರಿಗೂ, "ನನ್ನಿಂದ ಎಲ್ಲರಿಗೂ ಉಪದ್ರ ಆಯ್ತು ಮಾರಾಯ್ರೇ" ಎನ್ನುತ್ತಿದ್ದಳು. ಆಮೇಲೆ ಅವರು ಬರುವುದನ್ನೇ ಬಿಟ್ಟರು.

ಕಡೆಗೆ ಅವಳು ಗ್ರೈಂಡರನ್ನು ಇನ್ನೂರು ಕಿಲೋಮೀಟರ್ ದೂರದ ಸಹಮ್‌ನಲ್ಲಿ ಕ್ಯಾಂಟೀನ್ ನಡೆಸುವ ಮೈದುನ ವಿಶಾಲ್‌ಗೆ ಕೊಟ್ಟುಬಿಡುವುದೆಂದು ತೀರ್ಮಾನಿಸಿದಳು. ಕೇಳಿದೊಡನೆ ಆಲ್ಫ್ರೆಡ್, "ನನ್ನ ಕಾರಲ್ಲೇ ಹೋಗುವ" ಎಂದ. ಪಾಪ ತೊಳೆಯಲು ಅದೊಂದು ದಾರಿ ಎಂದುಕೊಂಡಿದ್ದ.

ಹೆದ್ದಾರಿಯಲ್ಲಿ ನಲವತ್ತಾರು ಡಿಗ್ರಿ. ಕಂಪನಿಯವರು ಹೇಳುವ ಮೈಲೇಜು ಬೇರೆ, ಹಳೆಯ ಬ್ಯಾಟರಿ ಎಸಿ ಹಾಕಿಕೊಂಡು ಓಡುವುದು ಬೇರೆ. ದಾರಿಯ ನಡುವಿನ ಸುವೈಕ್ ಹತ್ತಿರ ಬರುವಷ್ಟರಲ್ಲಿ ಎಂಟು ಪರ್ಸೆಂಟ್ ಉಳಿದಿತ್ತು. ನಂಬಿಕೊಂಡು ಬಂದಿದ್ದ ಪೆಟ್ರೋಲ್ ಬಂಕಿನ ಚಾರ್ಜರಿನ ಪರದೆ ಕಪ್ಪಗೆ ಸತ್ತು ಬಿದ್ದಿತ್ತು. ಪಕ್ಕದಲ್ಲೇ ಉಳ್ಳಾಲದ ಐಶಮ್ಮನ ಚಹಾದಂಗಡಿ. ಕನ್ನಡ ಕೇಳಿದ್ದೇ ಆಕೆ, "ನಮ್ಮ ಊರಿನವರಲ್ವಾ, ಪ್ಲಗ್ ಹಾಕಿ, ಕೂತ್ಕೊಳ್ಳಿ" ಎಂದು ಬಾಗಿಲ ಬಳಿಯ ಸಾಕೆಟ್ ತೋರಿಸಿದಳು.

ಚಹಾ ಅರ್ಧ ಕುಡಿಯುವಷ್ಟರಲ್ಲಿ ಫಟ್ಟೆಂದಿತು. ಎಸಿ, ಫ್ರಿಜ್ಜು, ದೀಪ ಎಲ್ಲವೂ ನಿಂತವು. ಆಲ್ಫ್ರೆಡ್ ತಾನು ಹಾಕಿದ್ದ ಪ್ಲಗ್ಗಿನತ್ತ ನೋಡಿದ.

ವಾರಿಜಾಕ್ಷಿ ತಟ್ಟನೆ ಎದ್ದು ನಿಂತಳು. "ಐಶಮ್ಮ, ಬೇಸರ ಮಾಡ್ಬೇಡಿ. ಇದು ನನ್ನಿಂದಲೇ. ನನ್ನ ಗ್ರೈಂಡರ್ ಆ ಕಾರಲ್ಲಿ ಉಂಟು. ಅದರದ್ದೋ ನನ್ನದೋ ಎಂತದೋ ದೋಷ. ನಾನು ಹೋದಲ್ಲೆಲ್ಲ ಕರೆಂಟ್ ಹೋಗ್ತದೆ." ನಗಲು ನೋಡಿದಳು, ಆಗಲಿಲ್ಲ. ಕಣ್ಣು ತುಂಬಿಬಂತು.

ಪ್ಲಗ್ಗೇ ಹಾಕದೆ ಹಿಂಬದಿಯಲ್ಲಿ ಬಿದ್ದಿದ್ದ ಗ್ರೈಂಡರಿನ ಮೇಲೂ ಅವಳು ತಪ್ಪು ಹೊರಿಸಿದಳು. ಅವಳನ್ನು ಆ ಸ್ಥಿತಿಗೆ ತಂದವನು ತಾನು. ಆಲ್ಫ್ರೆಡ್‌ಗೆ ಇನ್ನು ತಡೆಯಲಾಗಲಿಲ್ಲ.

"ವಾರಿಜಕ್ಕ, ಅದು ನನ್ನ ಕಾರು. ಅಲ್ಲಿಯೂ ನನ್ನ ಕಾರೇ."

"ಅಲ್ಲಿ ಅಂದ್ರೆ?"

"ನಮ್ಮ ಬಿಲ್ಡಿಂಗಲ್ಲಿ."

ಕೊಗ್ಗ ಗ್ಲಾಸು ಕೆಳಗಿಟ್ಟ. ವಾರಿಜಾಕ್ಷಿ ಮೆಲ್ಲಗೆ ಕೇಳಿದಳು, "ನಿಮಗೆ ಯಾವಾಗ ಗೊತ್ತಾಯ್ತು?"

"ಎರಡನೇ ದಿನ."

"ಜನ ಡಬ್ಬ ಹಿಡ್ಕೊಂಡು ವಾಪಸ್ ಹೋಗುವಾಗ ನೀವು ಬಾಗಿಲಲ್ಲೇ ನಿಂತಿದ್ರಿ ಪರ್ಬುಗಳೇ. ಆಗಲೂ ಗೊತ್ತಿತ್ತು?"

"ಗೊತ್ತಿತ್ತು" ಎಂದ ಆಲ್ಫ್ರೆಡ್.

"ಫೋನ್ ಮಾಡಿ. ಈಗಲೇ. ನನ್ನ ಎದುರು."

ಅವನು ಸ್ಪೀಕರ್ ಹಾಕಿ ಬಾಲಸುಬ್ರಹ್ಮಣ್ಯನಿಗೆ ಎಲ್ಲವನ್ನೂ ಹೇಳಿದ. ಆ ಕಡೆಯಿಂದ ನಗು ಕೇಳಿಸಿತು. "ಓ, ಅಷ್ಟೇನಾ ಮಾರಾಯ್ರೇ? ಮೊದಲೇ ಹೇಳ್ಬಾರದಾ? ನೀವು ವೈರು ತೆಗೀರಿ, ಅವರು ಗ್ರೈಂಡರ್ ಇಟ್ಕೊಳ್ಳಲಿ."

"ಸಾರಿ ಸರ್" ಎಂದ ಆಲ್ಫ್ರೆಡ್. "ತುಂಬಾ ಸಾರಿ."

ಅರ್ಧ ನಿಮಿಷದ ಮಾತು. ಅಷ್ಟಕ್ಕೆ ಅವನು ಆರು ವಾರ ಹೆದರಿದ್ದ.

ಅಂಗಡಿಯ ಮುಂದೆ ಕಲ್ಲಂಗಡಿ ತುಂಬಿದ ಪಿಕಪ್ ಒಂದು ಮಸ್ಕತ್‌ಗೆ ಹೊರಟು ನಿಂತಿತ್ತು. ವಾರಿಜಾಕ್ಷಿಯೇ ಹೋಗಿ ಡ್ರೈವರ್ ಹತ್ತಿರ ಹಿಂದಿಯಲ್ಲಿ ಮಾತಾಡಿ ಜಾಗ ಕೇಳಿದಳು. ಕೊಗ್ಗ ಮತ್ತು ಡ್ರೈವರ್ ಗ್ರೈಂಡರ್ ಎತ್ತುವಾಗ ಆಲ್ಫ್ರೆಡ್ ಕೈ ಕೊಡಲು ಮುಂದೆ ಹೋದ.

"ನೀವು ಬೇಡ" ಎಂದಳು ವಾರಿಜಾಕ್ಷಿ. ದನಿ ಏರಿಸಲಿಲ್ಲ. ಹಿಂತಿರುಗಿಯೂ ನೋಡದೆ ಗಂಡನ ಪಕ್ಕ ಹತ್ತಿ ಕುಳಿತಳು.

ಪಿಕಪ್ ಹೊರಟಿತು. ಐಶಮ್ಮ ಬ್ರೇಕರ್ ಎತ್ತಿ, ಎಸಿ ಆರಿಸಿ, ಬಾಗಿಲು ತೆರೆದಿಟ್ಟಳು. "ಒಂದು ಗಂಟೆ ಚಾರ್ಜ್ ಮಾಡ್ಕೊಳ್ಳಿ. ಸೆಕೆ ತಡ್ಕೊಳ್ತೇನೆ" ಎಂದು ಮೇಜು ಒರೆಸತೊಡಗಿದಳು. ಒರೆಸುತ್ತಲೇ, "ಫೋನಲ್ಲಿ ಆ ಮನುಷ್ಯನಿಗೆ ಎರಡು ಸಲ ಸಾರಿ ಹೇಳಿದ್ರಿ. ಆ ಅಕ್ಕನಿಗೆ ಒಂದು ಸಲವೂ ಹೇಳ್ಲಿಲ್ಲ ಅಲ್ವಾ?" ಎಂದಳು.

ಆಲ್ಫ್ರೆಡ್ ಬಿಸಿಲಿಗೆ ಓಡಿ ಬಂದು ಕಾರಿನ ಬಾಗಿಲು ಎಳೆದ. ಪಿಕಪ್ ಆಗಲೇ ಹೆದ್ದಾರಿ ಸೇರಿ ಮರೆಯಾಗಿತ್ತು. ಬೆನ್ನಟ್ಟಲು ಅವನ ಕಾರಿನಲ್ಲಿ ಇದ್ದದ್ದು ಒಂಬತ್ತು ಪರ್ಸೆಂಟ್.