ಸೊನ್ನೆ ಮೈಲಿಯ ಕಲ್ಲು

ನಾನು ಒಂದು ಕಲ್ಲು. ಹೊಳೆಯ ದಡದಲ್ಲಿ ಬಿದ್ದುಕೊಂಡಿದ್ದ ನನ್ನನ್ನು ಜೇನು ಬಿಡಿಸುವ ಜನ ಹೊತ್ತು ತಂದು ತಮ್ಮ ಹಾಡಿಯ ನಡುವೆ ನೆಟ್ಟರು. ಪ್ರತಿ ವರ್ಷ ಮೊದಲ ಜೇನುತುಪ್ಪ ನನ್ನ ನೆತ್ತಿಗೆ. ತಮ್ಮ ಮೊದಲ ಯಜಮಾನನ ಹೆಸರನ್ನೇ ನನಗಿಟ್ಟರು. ಸುತ್ತಲ ನೆಲಕ್ಕೂ ಅದೇ ಹೆಸರು, ಮುಂದೆ ಯಜಮಾನರಾದವರಿಗೂ ಅದೇ. ಯಜಮಾನ ತೀರಿಕೊಂಡರೆ ತಿಥಿ ಮುಗಿಯುವ ತನಕ ಆ ಹೆಸರನ್ನು ಯಾರೂ ಬಾಯಲ್ಲಿ ಆಡುವಂತಿರಲಿಲ್ಲ.

ನನ್ನ ಗ್ರಹಚಾರ, ಹಾರ್ಲಿ ಎಂಬ ಪರಂಗಿ ದೊರೆ ಸರಪಳಿ ಹಿಡಿದು ನೆಲ ಅಳೆಯುತ್ತ ಬಂದದ್ದು ಅಂಥ ಸೂತಕದಲ್ಲೇ.

"ಈ ಜಾಗದ ಹೆಸರೇನ್ರೋ?" ಎಂದು ದುಭಾಷಿ ಕೇಳಿದ. ಹಾಡಿಯವರು ತಲೆ ತಗ್ಗಿಸಿ ನಿಂತರು.

"ಇವಕ್ಕೆ ಹೆಸರಿಡೋಕೂ ಬರಲ್ಲ ದೊರೆ" ಎಂದ. ದೊರೆ ನಕ್ಕು ನಕ್ಷೆಯಲ್ಲಿ ತನ್ನ ಹೆಸರನ್ನೇ ಬರೆದ. ಹಾರ್ಲಿಪೇಟೆ. ತಿಥಿ ಮುಗಿಸಿ ಹೆಸರು ಹೇಳಲು ಹಾಡಿಯವರು ಓಡಿದಾಗ ಡೇರೆಯ ಗೂಟ ಕಿತ್ತ ಗುಂಡಿಗಳಷ್ಟೇ ಉಳಿದಿದ್ದವು.

ಪೇಟೆ ಬೆಳೆಯಿತು. ಹಾಡಿಯನ್ನು ಕೆರೆಯಾಚೆ ತಳ್ಳಿದರು. ನನಗೆ ಸುಣ್ಣ ಬಳಿದು ಸೊನ್ನೆ ಕೆತ್ತಿದರು. ತುಪ್ಪ ಸುರಿದ ನೆತ್ತಿಯ ಮೇಲೆ ಕೂತು ಜನ ಬಸ್ಸಿಗೆ ಕಾದರು, ಎಲೆಯಡಿಕೆ ಉಗಿದರು. ಸ್ವಾತಂತ್ರ್ಯ ಬಂದ ಮೇಲೆ ಪರಂಗಿ ಹೆಸರು ಬೇಡವೆಂದು ಪುರಸಭೆಯವರು ಊರಿಗೆ ಅಮೃತಗಿರಿ ಎಂದಿಟ್ಟರು. ಇಲ್ಲಿ ಗಿರಿಯೂ ಇಲ್ಲ, ಅಮೃತದ ಮಾತಂತೂ ಕೇಳಲೇಬೇಡಿ. ಹಾಡಿಯವರು ಬಂದು ಹಳೆಯ ಹೆಸರು ಹೇಳಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಈಚೆಗೆ ರಸ್ತೆ ಅಗಲ ಮಾಡುವವರು ನನ್ನ ಮೇಲೆ ಕೆಂಪು ಗುರುತು ಹಾಕಿದರು. ಹಾಡಿಯ ಜಾಜಿ ನನ್ನನ್ನು ಉಳಿಸಿಕೊಳ್ಳಲು ಕಚೇರಿಗೆ ಅಲೆದೂ ಅಲೆದೂ ಸವೆದಳು; ಅವಳು ಹೇಳಿದ ಹೆಸರನ್ನು ಅಲ್ಲಿ ಯಾರೂ ಬರೆದುಕೊಳ್ಳಲಿಲ್ಲ. ಕೊನೆಗೊಂದು ಮಧ್ಯಾಹ್ನ ಹೊಸ ತಹಸೀಲ್ದಾರರು ತಾವೇ ಬಂದರು. ಒಳ್ಳೆಯ ಮನುಷ್ಯ.

"ಹಳೇ ನಕ್ಷೇಲಿ ಈ ಜಾಗಕ್ಕೆ ನೀವಿಟ್ಟ ಹೆಸರೇ ಇಲ್ಲಮ್ಮ. ನೀವು ಹೇಳಿ, ಬರ್ಕೋತೀನಿ. ಕಲ್ಲು ಇಲ್ಲೇ ಉಳಿಯುತ್ತೆ."

ಹಾಡಿಯ ಯಜಮಾನನಾಗಿದ್ದ ಜಾಜಿಯ ಅಣ್ಣ ಹಿಂದಿನ ದಿನವಷ್ಟೇ ತೀರಿಕೊಂಡಿದ್ದ.

"ಅಣ್ಣ ಹೋಗವ್ನೆ ಬುದ್ಧಿ. ತಿಥಿ ಆಗ್ಲಿ, ಹೇಳ್ತೀನಿ."

"ನಾಳೆ ಬೆಳಿಗ್ಗೆ ಜೆಸಿಬಿ ಬರುತ್ತೆ. ಒಂದು ಹೆಸರು ಹೇಳೋಕೆ ಏನಮ್ಮ ಕಷ್ಟ?"

ಅವಳು ನನ್ನ ನೆತ್ತಿಯ ಮೇಲೆ ಅಂಗೈ ಇಟ್ಟಳು. ತಹಸೀಲ್ದಾರರು ಸ್ವಲ್ಪ ಹೊತ್ತು ಕಾದು ಪೆನ್ನು ಜೇಬಿಗೆ ಸಿಕ್ಕಿಸಿಕೊಂಡರು.

ಈಗ ನಾನು ಪುರಸಭೆಯ ಶೆಡ್ಡಿನ ಹಿಂದೆ, ಕಸದ ಗಾಡಿಗಳ ಪಕ್ಕ ಅಡ್ಡಬಿದ್ದಿದ್ದೇನೆ. ತಿಥಿ ಮುಗಿದ ದಿನ ಜಾಜಿ ಹುಡುಕಿಕೊಂಡು ಬಂದು, ನೆತ್ತಿಗೆ ತುಪ್ಪ ಸವರಿ, ನನ್ನನ್ನು ಹೆಸರು ಹಿಡಿದು ಕರೆದಳು. ಕೇಳಿಸಿಕೊಂಡವನು ನಾನೊಬ್ಬನೇ.

ಆ ಹೆಸರು ಯಾವುದೆಂದು ನೀವೂ ಕೇಳುತ್ತೀರಿ. ನಾನು ಹೇಳುವುದಿಲ್ಲ. ಒಂದು ತಿಥಿ ಮುಗಿಯುವ ತನಕ ಕಾಯಲಾರದ ಊರಿಗೆ ಆ ಹೆಸರು ಯಾಕೆ?