ಮೆಟ್ಟಿಲ ಕೆಳಗಿನ ಸುರಂಗ

ಎಲೆಕ್ಟ್ರಾನಿಕ್ ಸಿಟಿಯ ಏಳನೇ ಮಹಡಿಯಲ್ಲಿ ತಣ್ಣಗೆ ಕೂತು, ಎಲ್ಲೋ ದೂರದ ಕಲ್ಲಿದ್ದಲು ಗಣಿಗಳಿಗೆ ಸುರಂಗಗಳ ನಕ್ಷೆ ಬರೆಯುವುದು ನನ್ನ ಕೆಲಸ. ಗಣಿಗೆ ಒಮ್ಮೆಯೂ ಇಳಿದವನಲ್ಲ. ಕರೆಂಟು ಹೋಗಿ ಲಿಫ್ಟು ನಿಂತಾಗ ರಾಘವೇಂದ್ರಸ್ವಾಮಿಗಳಿಗೆ ಹರಕೆ ಹೊತ್ತವನು. ಆದರೆ ಸುರಂಗದ ಬಗ್ಗೆ ಮಾತಾಡಲು ಬಿಟ್ಟರೆ ಈ ಸುಧೀಂದ್ರನಂಥ ಶೂರ ಇನ್ನೊಬ್ಬನಿಲ್ಲ.

ಗಣಿಯಲ್ಲಿ ಕಲ್ಲಿದ್ದಲ ಪದರವನ್ನು ಉದ್ದುದ್ದ ಪಟ್ಟಿಗಳಾಗಿ ಕೊರೆದು ತೆಗೆಯುತ್ತಾರೆ. ಪಟ್ಟಿಯ ಎರಡು ಬದಿಗೂ ಜನ ಓಡಾಡಲು ಒಂದೊಂದು ಸುರಂಗ. ಕೊರೆದು ಮುಂದೆ ಹೋದಂತೆ ಹಿಂದಿನ ಛಾವಣಿ ಕುಸಿಯಲು ಬಿಡುತ್ತಾರೆ. ಆ ಕುಸಿತ ಪಕ್ಕದ ಪಟ್ಟಿಯ ಸುರಂಗಕ್ಕೆ ತಾಗದಿರಲೆಂದು ನಡುವೆ ಮೂವತ್ತು ಮೀಟರ್ ದಪ್ಪದ ಕಲ್ಲಿದ್ದಲ ಗೋಡೆಯನ್ನು ಬಿಟ್ಟುಬಿಡುತ್ತಾರೆ. ಅದು ಮತ್ತೆ ಕೈಗೆ ಸಿಗುವುದಿಲ್ಲ. ನನಗೆ ಹೊಟ್ಟೆ ಉರಿಯುತ್ತಿದ್ದುದು ಇಲ್ಲೇ. ತರ್ಟಿ ಫಾರ್ಟಿ ಸೈಟಿನಲ್ಲಿ ಅಂಗುಲ ಬಿಡದೆ ಮನೆ ಕಟ್ಟಿಸಿ, ಮೆಟ್ಟಿಲ ಕೆಳಗೂ ಸ್ಟೋರ್ ರೂಮ್ ಮಾಡಿದವನು ನಾನು. ಅದೇ ಬುದ್ಧಿ ಓಡಿಸಿದೆ. ಮೊದಲ ಪಟ್ಟಿಯ ಸುರಂಗ ಪದರದ ಮೇಲ್ತುದಿಯಲ್ಲಿ. ಮುಂದಿನ ಪಟ್ಟಿಯದು ಪದರದ ಬುಡದಲ್ಲಿ, ಕುಸಿದ ಜಾಗದ ಅಂಚಿನ ಕೆಳಗೇ, ಥೇಟ್ ನನ್ನ ಸ್ಟೋರ್ ರೂಮಿನ ಹಾಗೆ. ಗೋಡೆಯೇ ಬೇಡ, ಅಷ್ಟೂ ಕಲ್ಲಿದ್ದಲು ಮೇಲಕ್ಕೆ!

ಗಣಿಯವರ ಕಡೆಯ ಎಂಜಿನಿಯರ್ ನಿವೇದಿತಾ ಮೇಡಂ ಒಪ್ಪಿದರೆ ಮುಂದಿನ ತಿಂಗಳಿಂದ ಅಲ್ಲಿ ಅಗೆತ ಶುರು. ಒಪ್ಪಿಸಲೆಂದೇ ಪೀಣ್ಯದ ಚನಬಸಪ್ಪನ ಶೆಡ್ಡಿನಲ್ಲಿ ಮಾದರಿಯೊಂದನ್ನು ಮಾಡಿಸಿದ್ದೆ. ಮುಂಭಾಗ ತೆರೆದ ಕಬ್ಬಿಣದ ಚೌಕಟ್ಟು, ಅದರೊಳಗೆ ಮರಳು ಮತ್ತು ಪ್ಲಾಸ್ಟರಿನ ಪದರಗಳು, ನಡುವೆ ಕಪ್ಪು ಬಣ್ಣದ್ದು ಕಲ್ಲಿದ್ದಲು. ಚನಬಸಪ್ಪ ತಗಡಿನಲ್ಲಿ ನಾಲ್ಕಾರು ಪುಟ್ಟ ಮನುಷ್ಯರನ್ನು ಕತ್ತರಿಸಿ ಕೆಳಗಿನ ಸುರಂಗದಲ್ಲಿ ನಿಲ್ಲಿಸಿದ್ದ. “ಬೊಂಬೆ ಹಬ್ಬ ಮಾಡಿದೀರೇನ್ರೀ?” ಎಂದು ನಾನು ನಕ್ಕಿದ್ದೆ.

ಮೇಡಂ ಬಂದ ದಿನ ಆಯುಧಪೂಜೆ. ಲೇತು, ಡ್ರಿಲ್ಲು, ಸ್ಪ್ಯಾನರುಗಳಿಗೆಲ್ಲ ಅರಿಶಿನ ಕುಂಕುಮ ಬಿದ್ದಿತ್ತು.

“ಮೊದ್ಲ ಪೂಜಿ ಮಾಡೂಣ್ರಿ ಸರ. ಟೆಸ್ಟು ನಾಳಿಗೆ ಇಟ್ಕೊಳ್ರಿ,” ಎಂದ ಚನಬಸಪ್ಪ.

“ಪೂಜೆ ಆದ್ಮೇಲೆ ನೀವು ಯಾವ ಸಾಮಾನೂ ಮುಟ್ಟಲ್ಲ. ಮೇಡಂಗೆ ಸಂಜೆ ಫ್ಲೈಟು. ಮೊದ್ಲು ಟೆಸ್ಟ್ ಮುಗಿಸೋಣ ಕಣ್ರೀ.”

ಕಾಸು ಕೊಡುವವನ ಮಾತು ನಡೆಯಿತು. ಚನಬಸಪ್ಪ ಹ್ಯಾಕ್ಸಾ ಬ್ಲೇಡಿನಿಂದ ಕಪ್ಪು ಪದರವನ್ನು ಮೆಲ್ಲಗೆ ಕೆರೆದು ತೆಗೆದ. ಮೊದಲ ಪಟ್ಟಿಯ ಛಾವಣಿ ನಾನು ಹೇಳಿದಂತೆಯೇ ಕುಸಿಯಿತು. ಕೆಳಗಿನ ಸುರಂಗ ಅಲ್ಲಾಡಲಿಲ್ಲ. ತಗಡಿನ ಮನುಷ್ಯರು ನಿಂತೇ ಇದ್ದರು. ಮೇಡಂ, “ಪರವಾಗಿಲ್ಲ ಸುಧೀಂದ್ರ ಅವರೇ, ಗೋಡೆ ತೆಗೀಬಹುದು ಅನ್ಸುತ್ತೆ,” ಎಂದರು. ನಾನು ಹತ್ತು ನಿಮಿಷ ಭಾಷಣ ಬಿಗಿದೆ. ಮೆಟ್ಟಿಲ ಕೆಳಗಿನ ಸ್ಟೋರ್ ರೂಮಿನ ಕಥೆಯನ್ನೂ ಬಿಡಲಿಲ್ಲ.

ಆಮೇಲೆ ಪೂಜೆ. ಹೊಸ ಮಷಿನ್ನಿಗೆ ಒಡೆಯಲೇಬೇಕೆಂದು ಚನಬಸಪ್ಪ ಬೂದುಗುಂಬಳದ ಮೇಲೆ ಕರ್ಪೂರ ಹಚ್ಚಿ ಮಾದರಿಗೆ ಮೂರು ಸುತ್ತು ನಿವಾಳಿಸಿ, ಅದರ ಕಾಲ ಬುಡದಲ್ಲೇ ಧಡಾರನೆ ಅಪ್ಪಳಿಸಿದ. ಚೌಕಟ್ಟು ನಡುಗಿತು. ಸುರಂಗದ ನೆತ್ತಿಯಿಂದ ಚೂರು ಮರಳು ಉದುರಿತು. ಮರುಕ್ಷಣ ನನ್ನ ಸ್ಟೋರ್ ರೂಮ್ ಪೂರ್ತಿ ಕುಸಿದು ಕೂತಿತು.

ಮೇಡಂ ಬಗ್ಗಿ ನೋಡಿ, “ನಮ್ಮಲ್ಲಿ ಮೇಲಿನ ಬಂಡೆ ಬಿದ್ರೆ ಈ ಕುಂಬಳಕಾಯಿಗಿಂತ ಜೋರಾಗೇ ಬೀಳುತ್ತೆ. ಯಾರೋ ಸ್ವಲ್ಪ ಅವಸರ ಮಾಡಿದಾರೆ,” ಎಂದರು.

“ನಾನಲ್ಲ ಮೇಡಂ, ಪ್ಲಾಸ್ಟರ್ ಸರಿಯಾಗಿ ಒಣಗಿರಲಿಲ್ಲ,” ಎಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಹೆಗಲಿಗೆ ಅಂದು ನಿಜವಾಗಿಯೂ ಕುಂಬಳದ ತಿರುಳು ಸಿಡಿದಿತ್ತು.

ಚನಬಸಪ್ಪ ಮಾತ್ರ ಕೆಳಗೆ ಕೂತು ಮರಳಿನಲ್ಲಿ ಕೈಯಾಡಿಸುತ್ತಿದ್ದ. ಒಬ್ಬೊಬ್ಬ ತಗಡಿನ ಮನುಷ್ಯನನ್ನೂ ಹುಡುಕಿ, ಊದಿ, ಅಂಗೈ ಮೇಲೆ ಇಟ್ಟುಕೊಳ್ಳುತ್ತಿದ್ದ. ಒಬ್ಬ ನಡುವಿಗೆ ಮಡಚಿಹೋಗಿದ್ದ. ಪೂಜೆ ಮೊದಲು ಮಾಡಿದ್ದರೆ ಇನ್ನೂ ಕೆರೆಯದ ಗಟ್ಟಿ ಮಾದರಿಯ ಮುಂದೆ ಕುಂಬಳಕಾಯಿ ಅದರ ಪಾಡಿಗೆ ಒಡೆದು, ಮಾರನೆಯ ದಿನದ ಟೆಸ್ಟ್ ಪಾಸಾಗಿ, ಮುಂದಿನ ತಿಂಗಳು ಅಲ್ಲಿ ನಿಜವಾದವರು ಇಳಿಯುತ್ತಿದ್ದರು. ನನಗೆ ನಾಚಿಕೆಯಾಯಿತು, ಭಯವೂ ಆಯಿತು.

ಹಬ್ಬ ಕಳೆದ ಮೇಲೆ ಹೊಸ ಮಾದರಿ ಸಿದ್ಧವಾಯಿತು. ಜಿಪುಣತನ ಒಮ್ಮೆಗೇ ಬಿಡುತ್ತದೆಯೇ? ಮೂವತ್ತು ಮೀಟರಿನ ಜಾಗದಲ್ಲಿ ಆರು ಮೀಟರ್ ಗೋಡೆ ಇಟ್ಟಿದ್ದೆ. ಮೇಡಂ ಮತ್ತೆ ಬಂದರು. ಕೆರೆದಾದ ಮೇಲೆ ಅಪ್ಪಳಿಸಿ ನೋಡಲೆಂದು ಕುಂಬಳಕಾಯಿಯನ್ನು ಈ ಸಲ ನಾನೇ ಹೊತ್ತು ತಂದಿದ್ದೆ.

ಚನಬಸಪ್ಪ ಅದೇ ತಗಡಿನವರನ್ನು ಸಾಲಾಗಿ ನಿಲ್ಲಿಸಿದ. ಮಡಚಿದವನನ್ನೂ ತಟ್ಟಿ ನೆಟ್ಟಗೆ ಮಾಡಿದ್ದ. ಆಮೇಲೆ ಜೇಬಿನಿಂದ ಇನ್ನೊಬ್ಬನನ್ನು ತೆಗೆದ. ಇವನಿಗೆ ಸ್ವಲ್ಪ ಹೊಟ್ಟೆಯಿತ್ತು, ತಂತಿಯ ಕನ್ನಡಕವಿತ್ತು.

“ಇವ್ರು ನೀವ್ರಿ ಸರ,” ಎಂದು ಎಲ್ಲರಿಗಿಂತ ಮುಂದೆ ನಿಲ್ಲಿಸಿದ.

ನಾನು ಅವನನ್ನು ನೋಡಿದೆ. ಅವನ ತಲೆಯ ಮೇಲಿನ ಮರಳನ್ನು ನೋಡಿದೆ. ಕೈಲಿದ್ದ ಕುಂಬಳಕಾಯಿಯನ್ನು ನಿಧಾನವಾಗಿ ಕೆಳಗಿಟ್ಟೆ.

“ಮೇಡಂ,” ಎಂದೆ, “ಗೋಡೆ ಎಂಟು ಮೀಟರ್ ಇರ್ಲಿ.”