ಕ್ರಾಸಿನ ಕಡೆಯ ಗರ್ನಾಲು

ಈ ವರ್ಷದ ದೊಡ್ಡ ಸಿನಿಮಾ ಯಾವುದು ಎಂಬ ವಿಷಯದಲ್ಲಿ ಮಲ್ಲಂದೂರಿನಾಚೆಯ ಆ ಕ್ರಾಸಿನಲ್ಲಿ ಎರಡು ಮಾತಿರಲಿಲ್ಲ. ಬೇರೆ ಊರಿನವರು ನಾಲ್ಕೈದು ಹೆಸರು ಹಿಡಿದು ಬೇಕಾದರೆ ಕಿತ್ತಾಡಲಿ. ಇಲ್ಲಿ ಸೊಹೈಲನ ಗ್ಯಾರೇಜಿನ ಗೋಡೆಗೆ ಅಂಟಿದ್ದದ್ದು ಒಂದೇ ಪೋಸ್ಟರು: 'ಸಿಡಿಗುಂಡಿಗೆ'. ವರ್ಷಗಟ್ಟಲೆ ಶೂಟಿಂಗ್ ಮಾಡಿ, ನಾಲ್ಕು ಸಲ ತಾರೀಕು ಮುಂದೂಡಿ, ಜನರನ್ನು ಕಾಯಿಸಿ ಕಾಯಿಸಿ ಹುಚ್ಚು ಹಿಡಿಸಿದ್ದ ಸಿನಿಮಾ. ಜೀಪು ರಿಪೇರಿಗೆ ಬಂದವರು ಮೊದಲು ಅದರ ಟೀಸರ್ ನೋಡಬೇಕು, ಆಮೇಲೆಯೇ ಸೊಹೈಲ್ ಸ್ಪ್ಯಾನರ್ ಕೈಗೆತ್ತಿಕೊಳ್ಳುವುದು. ಅಭಿಮಾನಿ ಸಂಘಕ್ಕೆ ಅವನು ಕಾರ್ಯದರ್ಶಿ, ಜಯಪ್ರಕಾಶ ಅಧ್ಯಕ್ಷ. ಸಂಘದಲ್ಲಿ ಒಟ್ಟು ಎಷ್ಟು ಜನ ಎಂದು ಮಾತ್ರ ಕೇಳಬಾರದು, ಅಧ್ಯಕ್ಷರಿಗೆ ಸಿಟ್ಟು ಬರುತ್ತದೆ.

ಅಧ್ಯಕ್ಷರಿಗೆ ಹೊಟ್ಟೆಪಾಡಿಗೊಂದು ಕೆಲಸವೂ ಇತ್ತು. ಕ್ರಾಸಿನ ಮೇಲಿನ ಎಸ್ಟೇಟಿನಲ್ಲಿ ಆನೆ ಕಾಯುವ ವಾಚರ್. ಸಾಹುಕಾರರು ಅವನಿಗೆ ಒಂದು ಟಾರ್ಚು, ಒಂದು ವಿಸಿಲ್, ಒಂದು ತಗಡಿನ ಡಬ್ಬಿಯ ತುಂಬ ಗರ್ನಾಲು ಕೊಟ್ಟಿದ್ದರು. ಗರ್ನಾಲೆಂದರೆ ಹಬ್ಬದ ಸರಪಟಾಕಿಯಲ್ಲ. ಒಂದೊಂದೇ ಹಚ್ಚಬೇಕು; ಸಿಡಿದರೆ ಎದೆ ಅದುರುತ್ತದೆ, ಆನೆ ಹಿಂದಕ್ಕೆ ತಿರುಗುತ್ತದೆ. ಆ ಸದ್ದಿಗೆ ಎಸ್ಟೇಟಿನವರೆಲ್ಲ ಸೇರಿ ಒಂದು ಅರ್ಥ ಕಟ್ಟಿಕೊಂಡಿದ್ದರು. ಬಿಟ್ಟು ಬಿಟ್ಟು ಮೂರು ಸಲ ಕೇಳಿದರೆ ಆನೆ ಆ ಕಡೆ ಇದೆ, ಅತ್ತ ಬರಬೇಡಿ ಎಂದು. ಮೊಬೈಲಿಗೆ ಸಿಗ್ನಲ್ ಸಿಗದ ತೋಟದೊಳಗೆ ಇದಕ್ಕಿಂತ ಗಟ್ಟಿಯಾದ ಸುದ್ದಿ ಇನ್ನೊಂದಿರಲಿಲ್ಲ. ಕಾಫಿ ಹಣ್ಣು ಕೊಯ್ಯುವ ಹೆಂಗಸರು ಮೂರು ಕೇಳಿದ ಕೂಡಲೇ ಹಿಂದೆಮುಂದೆ ನೋಡದೆ ಇನ್ನೊಂದು ದಾರಿ ಹಿಡಿಯುತ್ತಿದ್ದರು. ಹಾಗೆ ಮಾಡಿಯೇ ಜೀವ ಉಳಿಸಿಕೊಂಡವರು ಅವರಲ್ಲಿ ಇದ್ದರು.

ಈ ಜಯಪ್ರಕಾಶನ ಹೆಂಡತಿ ಸ್ವಾತಿ. ಅವಳೂ ಅದೇ ತೋಟದಲ್ಲಿ ಕಾಫಿ ಕೊಯ್ಯುತ್ತಿದ್ದಳು, ಜೊತೆಗೆ ಅವಳ ಅತ್ತೆ ಗಿಡ್ಡಮ್ಮ. ಸಿನಿಮಾ ಹುಚ್ಚು ಗಂಡನಿಗೆ ಮಾತ್ರ ಎಂದು ಸ್ವಾತಿ ಹೇಳುವಂತಿರಲಿಲ್ಲ. 'ಸಿಡಿಗುಂಡಿಗೆ'ಯ ಮೊದಲ ದಿನದ ಮೊದಲ ಆಟಕ್ಕೆ ಚಿಕ್ಕಮಗಳೂರಿಗೆ ಹೋಗುವಾಗ ಉಡಲು ಒಂದು ಸೀರೆಯನ್ನು ಅವಳು ದೀಪಾವಳಿಗೂ ಬಿಚ್ಚದೆ ಎತ್ತಿಟ್ಟಿದ್ದಳು.

ಆ ದಿನ ಸಂಜೆ ಐದಕ್ಕೆ ಟ್ರೈಲರ್ ಬರುವುದಿತ್ತು. ಬೆಳಿಗ್ಗೆ ಕಾಫಿ ಕುಡಿಯುತ್ತಾ ಜಯಪ್ರಕಾಶ ಹೆಂಡತಿಯ ಕಿವಿಯಲ್ಲಿ ಹೇಳಿದ್ದ.

"ಸರಪಟಾಕಿ ಎಲ್ಲಾ ಸಂಘದವ್ರೂ ಹೊಡಿತಾರೆ. ನಾವು ಗರ್ನಾಲು ಹೊಡಿಯದು. ಸೊಹೈಲ್ ವಿಡಿಯೋ ಮಾಡ್ತಾನೆ. ಗುಡ್ಡ ಅದುರಬೇಕು, ನೋಡು."

"ಎಸ್ಟೇಟಿಂದಾ? ಸಾಹುಕಾರ್ರಿಗೆ ಗೊತ್ತಾದ್ರೆ?"

"ಎಂತ ಗೊತ್ತಾಗ್ತದೆ? ಆನೆ ಬಂದಿತ್ತು, ಹೊಡ್ದೆ ಅಂದ್ರಾಯ್ತು. ನೀನು ಬಾಯಿ ಬಿಡಬೇಡ ಅಷ್ಟೆ."

ಸ್ವಾತಿಗೆ ನಗು ಬಂತು. ತಡೆಯಬೇಕಿತ್ತು, ತಡೆಯಲಿಲ್ಲ. ಗುಡ್ಡ ಅದುರುವುದನ್ನು ಅವಳೂ ಕೇಳಬೇಕಿತ್ತು.

ಕೊಯ್ಲು ನಡೆಯುತ್ತಿದ್ದದ್ದು ತೋಟದ ತುದಿಯಲ್ಲಿ. ಅಲ್ಲಿಂದ ಎಸ್ಟೇಟು ಕೆಲಸದವರಿಗೆ ಕೊಟ್ಟ ಲೈನ್ ಮನೆಗಳಿಗೆ ಎರಡು ದಾರಿ. ಕ್ರಾಸಿನ ಮೇಲೆ ಹೋಗುವ ಟಾರ್ ರೋಡು ಒಂದು, ಕೆರೆಯ ಪಕ್ಕದ ಕಾಲುದಾರಿ ಒಂದು. ಸಂಜೆ ಹಣ್ಣಿನ ಚೀಲ ತೂಗಿಸಿ ಮುಗಿಸುವಾಗ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಶಿವಯ್ಯನವರು ಹೆಂಗಸರನ್ನೆಲ್ಲ ನಿಲ್ಲಿಸಿ ಎಚ್ಚರಿಕೆ ಹೇಳಿದರು.

"ಬೆಳಿಗ್ಗೆ ಕೆರೆ ಹತ್ರ ಬಿದಿರಲ್ಲಿ ಒಂಟಿ ನಿಂತಿತ್ತಂತೆ. ಕೆರೆ ದಾರಿಲಿ ಯಾರೂ ಹೋಗ್ಬೇಡಿ. ಸುತ್ತಾದ್ರೂ ಪರವಾಗಿಲ್ಲ, ರೋಡಲ್ಲೇ ಹೋಗಿ."

ಒಂಟಿ ಎಂದರೆ ಆ ಕಡೆಯವರಿಗೆ ಹೆಸರು ಬೇರೆ ಬೇಕಿರಲಿಲ್ಲ. ಗುಂಪು ಬಿಟ್ಟ ಸಲಗ. ಹೋದ ಮಳೆಗಾಲದಲ್ಲಿ ಪಕ್ಕದ ತೋಟದ ಒಬ್ಬನನ್ನು ಗೇಟಿನ ಎದುರೇ ತುಳಿದು ಹಾಕಿತ್ತು. ಹೆಂಗಸರು ಮಾತಿಲ್ಲದೆ ಬುತ್ತಿಚೀಲ ಹೆಗಲಿಗೆ ಹಾಕಿಕೊಂಡು ರೋಡಿನ ಕಡೆ ತಿರುಗಿದರು.

ಹತ್ತು ಮಾರು ಹೋಗಿರಲಿಲ್ಲ, ಕ್ರಾಸಿನ ಕಡೆಯಿಂದ ಢಂ ಎಂದಿತು. ಎಲ್ಲರೂ ನಿಂತರು. ಸ್ವಲ್ಪ ಬಿಟ್ಟು ಇನ್ನೊಂದು. ಮತ್ತೊಂದು.

"ಅಯ್ಯೋ, ರೋಡಿಗೇ ಬಂದಿದೆ ಅದು!" ಎಂದಳು ದ್ಯಾವಮ್ಮ. ಕೊಯ್ಲಿನವರಲ್ಲಿ ಅವಳೇ ಹಿರಿಯಳು. ಅವಳ ಮಾತು ಎಲ್ಲರಿಗೂ ನಡೆಯುತ್ತಿತ್ತು. "ಕೆರೆ ಬಿಟ್ಟು ಆ ಕಡೆ ದಾಟಿದೆ. ತಿರುಗಿ, ತಿರುಗಿ. ಕೆರೆ ದಾರೀಲೇ ಹೋಗನ."

ಸ್ವಾತಿ ಅಲ್ಲೇ ಉಳಿದಳು. ಇದು ಗಂಡನ ಕೆಲಸ. ಆನೆಗಲ್ಲ, ಟ್ರೈಲರಿಗೆ ಹೊಡೆದದ್ದು. ಮೊಬೈಲ್ ತೆಗೆದು ನೋಡಿದಳು. ಸಿಗ್ನಲ್ ಇರಲಿಲ್ಲ, ಅದು ಗೊತ್ತಿದ್ದದ್ದೇ. ಆದರೆ ಐದು ಗಂಟೆಯೂ ಆಗಿರಲಿಲ್ಲ. ಟ್ರೈಲರಿಗೆ ಇನ್ನೂ ಹೊತ್ತಿತ್ತು. ಹಾಗಾದರೆ ಇದು ನಿಜವಾಗಿಯೂ ಆನೆಗೋ? ರೋಡಿನಲ್ಲಿ ಆನೆ ಇಲ್ಲ ಎಂದು ತಾನು ಹೇಳಿ, ಎಲ್ಲರನ್ನೂ ಅತ್ತ ಕರೆದುಕೊಂಡು ಹೋಗಿ, ಅಲ್ಲಿ ಅದು ನಿಂತಿದ್ದರೆ?

ಶಿವಯ್ಯನವರು ಇನ್ನೂ ತಕ್ಕಡಿಯ ಹತ್ತಿರವೇ ಇದ್ದರು. ಈಗ ಬಾಯಿ ಬಿಟ್ಟರೆ ಅವರ ಕಿವಿಗೆ ಬೀಳುತ್ತದೆ. ರಾತ್ರಿಯೊಳಗೆ ಸಾಹುಕಾರರಿಗೆ ಹೋಗುತ್ತದೆ. ಆನೆಯ ಗರ್ನಾಲನ್ನು ಸಿನಿಮಾಕ್ಕೆ ಸುಟ್ಟ ವಾಚರನ್ನು ಯಾರು ಇಟ್ಟುಕೊಳ್ಳುತ್ತಾರೆ? ಕೆಲಸ ಹೋದರೆ ಲೈನ್ ಮನೆಯೂ ಹೋಗುತ್ತದೆ. ಅತ್ತೆ ಹುಟ್ಟಿ ಬೆಳೆದದ್ದು ಅದೇ ಲೈನಿನಲ್ಲಿ.

ಕ್ರಾಸಿನ ಕಡೆ ಮತ್ತೆ ಮೂರು ಸಿಡಿದವು.

"ಒಂಟಿ ಒಂದೇ ಅಲ್ಲ, ಹಿಂಡೇ ಬಂದಿರಬೇಕು," ಎಂದಳು ಗಿಡ್ಡಮ್ಮ. ಸೊಸೆಯ ತೋಳು ಹಿಡಿದೆಳೆದಳು. "ಎಂತ ಕಂಬ ಆದಂಗೆ ನಿಂತಿದೀಯ ಮಾರಾಯ್ತಿ? ಬಾ."

ಸ್ವಾತಿ ಹೋದಳು. ಕೆರೆಯ ದಾರಿಯಲ್ಲಿ, ಎಲ್ಲರ ಹಿಂದೆ, ಬಾಯಿ ಮುಚ್ಚಿಕೊಂಡು.

ಆ ದಾರಿಯಲ್ಲಿ ಇಬ್ಬರು ಅಕ್ಕಪಕ್ಕ ನಡೆಯಲು ಜಾಗವಿಲ್ಲ. ಎರಡೂ ಕಡೆ ತಲೆಗಿಂತ ಎತ್ತರದ ಕಾಫಿ ಗಿಡ, ಒಂದು ಬದಿಗೆ ನೀರು ಬಸಿಯಲು ತೆಗೆದ ಕಾಲುವೆ. ಆನೆ ಬಂದರೆ ಮೇಲೆ ಬೀಳುವವರೆಗೂ ಕಾಣುವುದಿಲ್ಲ. ಗಿಡ್ಡಮ್ಮ ಮುಂದೆ ನಡೆಯುತ್ತಿದ್ದಳು. ವಾಚರನ ತಾಯಿ ಎಂಬ ಧೈರ್ಯ ಅವಳಿಗೆ. ಮಗ ಆ ಕಡೆ ಆನೆಯನ್ನು ತಡೆದು ನಿಂತಿದ್ದಾನೆ ಎಂದು ಹಿಂದಿನವರಿಗೆ ಹೇಳುತ್ತಾ ಹೋಗುತ್ತಿದ್ದಳು.

"ನಮ್ಮ ಜೈಯ ಇರೋದ್ಕೆ ಆಯ್ತು. ಇಲ್ದಿದ್ರೆ ಇವತ್ತು ರೋಡಲ್ಲಿ ನಮ್ಮ ಕಥೆ ಮುಗೀತಿತ್ತು."

ಆ ಮಾತು ಕೇಳಿ ಸ್ವಾತಿ ಎರಡು ಹೆಜ್ಜೆ ಮುಂದಿಟ್ಟಳು. ಹೇಳಿಬಿಡೋಣ ಎಂದುಕೊಂಡಳು. ಇನ್ನೊಂದು ತಿರುವು ಹೋಗಲಿ, ಶಿವಯ್ಯನವರಿಗೆ ಕೇಳಿಸದಷ್ಟು ದೂರವಾಗಲಿ, ಆಮೇಲೆ ಹೇಳೋಣ. ತಿರುವು ಬಂತು. ಇನ್ನೊಂದಾಗಲಿ ಎಂದುಕೊಂಡಳು. ಅವಳಿಗೆ ಭಯವಿತ್ತು, ಆನೆಯ ಭಯ ಎಷ್ಟು, ಲೈನ್ ಮನೆಯ ಭಯ ಎಷ್ಟು ಎಂದು ಕೇಳಿದರೆ ಆಗ ಅವಳಿಗೇ ಗೊತ್ತಿರಲಿಲ್ಲ.

ದಾರಿಯ ಮಧ್ಯೆ ಲದ್ದಿ ಬಿದ್ದಿತ್ತು. ಮುಂದೆ ಹೋದವರು ಅವಸರದಲ್ಲಿ ದಾಟಿಕೊಂಡು ಹೋಗಿದ್ದರು. ಸ್ವಾತಿ ಬಗ್ಗಿ ನೋಡಿದಳು. ಹಬೆಯಾಡುತ್ತಿತ್ತು. ಪಕ್ಕದಲ್ಲಿ ಮುರಿದ ಬೈನೆ ಮರದ ಗರಿಯಿಂದ ರಸ ಇನ್ನೂ ತೊಟ್ಟಿಕ್ಕುತ್ತಿತ್ತು. ಗಾಳಿ ತಿರುಗಿದಾಗ ಕೊಟ್ಟಿಗೆಯ ವಾಸನೆಗಿಂತ ಗಾಢವಾದ ಒಂದು ವಾಸನೆ ಮುಖಕ್ಕೆ ಹೊಡೆಯಿತು.

"ಅತ್ತೇ!" ಅವಳಿಗೆ ಗೊತ್ತಿಲ್ಲದೆಯೇ ಕೂಗಿದ್ದಳು. "ಅತ್ತೇ, ಹಿಂದೆ ಬನ್ನಿ! ರೋಡಲ್ಲಿ ಆನೆ ಇಲ್ಲ, ಇಲ್ಲೇ ಇದೆ!"

ಸಾಲು ನಿಂತಿತು. ಗಿಡ್ಡಮ್ಮ ತಿರುಗಿ ಸೊಸೆಯ ಮುಖ ನೋಡಿದಳು.

"ನಿಂಗೆ ಹೆಂಗೆ ಗೊತ್ತು?"

ಉತ್ತರ ಸ್ವಾತಿ ಕೊಡಬೇಕಾಗಲಿಲ್ಲ. ಗಿಡ್ಡಮ್ಮನ ಬೆನ್ನ ಹಿಂದೆ, ಕಾಫಿ ಗಿಡಗಳ ಮೇಲೆ, ಒಂದು ಕಿವಿ ಬೀಸಿತು.

ಆಮೇಲೆ ಆದದ್ದನ್ನು ಅಲ್ಲಿದ್ದವರು ಒಬ್ಬೊಬ್ಬರು ಒಂದೊಂದು ತರಹ ಹೇಳುತ್ತಾರೆ. ಕೊಂಬೆಗಳು ಲಟಲಟನೆ ಮುರಿದವು. ಹೆಂಗಸರು ಕಿರುಚುತ್ತಾ ಗಿಡಗಳೊಳಗೆ ನುಗ್ಗಿ ಆಚೆಯ ಎತ್ತರದ ಮಣ್ಣಿನ ದರೆ ಹತ್ತಿದರು. ದ್ಯಾವಮ್ಮನ ಸೀರೆಯ ಸೆರಗು ಕೊಂಬೆಗೆ ಸಿಕ್ಕಿ ಹರಿದುಹೋಯಿತು. ಸ್ವಾತಿ ನೆರಳಿಗೆಂದು ನೆಟ್ಟ ಒಂದು ಸಿಲ್ವರ್ ಮರವನ್ನು ತಬ್ಬಿಕೊಂಡು ನಿಂತಿದ್ದಳು. ಎಲ್ಲರೂ ಇದ್ದರು, ಅತ್ತೆ ಒಬ್ಬಳು ಇರಲಿಲ್ಲ.

ಗಿಡ್ಡಮ್ಮ ಕಾಲುವೆಯಲ್ಲಿ ಬಿದ್ದಿದ್ದಳು. ಒಂದು ಕಾಲು ಮೈಯಡಿಗೆ ಸಿಕ್ಕಿ ತಿರುಚಿತ್ತು. ಆನೆ ಕಾಲುವೆಯ ಅಂಚಿಗೆ ಬಂದು ನಿಂತು ಸೊಂಡಿಲು ಇಳಿಬಿಟ್ಟು ಮೂಸುತ್ತಿತ್ತು. ಅದರ ಉಸಿರಿಗೆ ಕಾಲುವೆಯ ದರಗೆಲೆ ಹಾರುವುದು ಸ್ವಾತಿ ನಿಂತಲ್ಲಿಗೆ ಕಾಣುತ್ತಿತ್ತು. ಗಿಡ್ಡಮ್ಮ ಅಲುಗಲಿಲ್ಲ, ಅಳಲಿಲ್ಲ. ಕಣ್ಣು ಮಾತ್ರ ತೆರೆದಿತ್ತು.

ಅಷ್ಟರಲ್ಲಿ ಲೈನಿನ ಕಡೆಯಿಂದ ಯಾರೋ ಓಡಿಬರುವ ಸದ್ದು. ಜಯಪ್ರಕಾಶ. ಟ್ರೈಲರ್ ಬರುವವರೆಗೂ ಕಾಯಲಾರದೆ ಕ್ರಾಸಿನಲ್ಲಿ ಗರ್ನಾಲು ಹೊಡೆದು ಕುಣಿಯುತ್ತಿದ್ದವನು ರೋಡಿನಲ್ಲಿ ಕೊಯ್ಲಿನ ಹೆಂಗಸರು ಎಷ್ಟು ಹೊತ್ತಾದರೂ ಕಾಣದಾಗ, ತನ್ನ ಮೂರು ಸದ್ದು ಅವರಿಗೆ ಏನು ಹೇಳಿರುತ್ತದೆ ಎಂದು ಹೊಳೆದು, ಅಡ್ಡದಾರಿಯಲ್ಲಿ ಬಿದ್ದೆದ್ದು ಬಂದಿದ್ದ. ಕಂಕುಳಲ್ಲಿ ತಗಡಿನ ಡಬ್ಬಿ ಹಾಗೇ ಇತ್ತು.

ಮಗನ ಹೆಜ್ಜೆ ಗಿಡ್ಡಮ್ಮನಿಗೆ ಗೊತ್ತಾಯಿತು. ಕಾಲುವೆಯೊಳಗಿಂದ ಸಣ್ಣ ದನಿ ಬಂತು. "ಜೈಯ... ಗರ್ನಾಲು ಹಚ್ಚೋ ಮಗಾ."

ಅವನು ಡಬ್ಬಿಯ ಮುಚ್ಚಳ ತೆಗೆದ. ತೆಗೆದವನು ಅದರೊಳಗೇ ನೋಡುತ್ತಾ ನಿಂತ. ಅದರಲ್ಲಿ ಏನೂ ಇಲ್ಲ ಎಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆದರೂ ನೋಡಿದ, ಕೈ ಹಾಕಿ ಮೂಲೆಯೆಲ್ಲ ತಡವಿದ.

"ಹಚ್ಚೋ," ಎಂದಳು ಗಿಡ್ಡಮ್ಮ ಮತ್ತೊಮ್ಮೆ.

ಸ್ವಾತಿ ಸಿಲ್ವರ್ ಮರದ ತೊಗಟೆಗೆ ಹಣೆ ಒತ್ತಿಕೊಂಡಳು. ಬೆಳಿಗ್ಗೆ ಕಾಫಿ ಲೋಟ ಹಿಡಿದು ತಾನು ನಕ್ಕದ್ದು ನೆನಪಾಗಿ ಅವಳಿಗೆ ತನ್ನ ಬಾಯಿಯನ್ನೇ ಕಿತ್ತು ಹಾಕುವಷ್ಟು ಹೇಸಿಗೆಯಾಯಿತು.

ಜಯಪ್ರಕಾಶ ಒಂದು ಕಲ್ಲು ಎತ್ತಿಕೊಂಡು ಡಬ್ಬಿಗೆ ಬಡಿಯತೊಡಗಿದ. ಹುಚ್ಚನಂತೆ ಬಡಿದ. "ಹೋಯ್! ಹೋಯ್! ಇಲ್ಲಿ ನೋಡು! ನನ್ನ ನೋಡು!" ಆನೆ ಸೊಂಡಿಲು ಎತ್ತಿತು. ತಲೆ ತಿರುಗಿಸಿ ಅವನನ್ನು ನೋಡಿತು. ನಾಲ್ಕು ಹೆಜ್ಜೆ ಅವನ ಕಡೆಗೇ ಬಂತು. ಅವನು ಹಿಂದೆ ಹಿಂದೆ ಹೋಗುತ್ತಾ ಬಡಿಯುತ್ತಲೇ ಇದ್ದ. ಅವನು ಅಳುತ್ತಿರುವುದು ದೂರಕ್ಕೂ ಕೇಳುತ್ತಿತ್ತು.

ಆನೆಗೆ ಏನನ್ನಿಸಿತೋ. ನಿಂತಿತು, ಒಮ್ಮೆ ಕಿವಿ ಬಡಿಯಿತು, ಕೆರೆಯ ಕಡೆ ಹೊರಳಿ ಬಿದಿರಿನೊಳಗೆ ಇಳಿಯಿತು. ಬಿದಿರು ಅಲ್ಲಾಡುವುದು ನಿಂತ ಮೇಲೆಯೇ ಜಯಪ್ರಕಾಶ ಕಲ್ಲು ಕೆಳಗೆ ಹಾಕಿದ.

ಗಿಡ್ಡಮ್ಮನನ್ನು ಎತ್ತಿ ಕಾಲುವೆಯ ದಡದ ಮೇಲೆ ಕೂರಿಸಿದರು. ಕಾಲು ಊದಿಕೊಳ್ಳುತ್ತಿತ್ತು. ಅವಳು ಮಗನ ಮುಖ ನೋಡಲಿಲ್ಲ. ಅವನ ಕೈಯಲ್ಲಿದ್ದ ಡಬ್ಬಿಯನ್ನು ನೋಡುತ್ತಿದ್ದಳು. ಹೆಂಗಸರು ಒಬ್ಬೊಬ್ಬರಾಗಿ ದರೆಯಿಂದ ಇಳಿದು ಸುತ್ತ ನಿಂತರು.

ಆಗ ಕ್ರಾಸಿನ ಕಡೆಯಿಂದ ಇನ್ನೊಂದು ಗರ್ನಾಲು ಸಿಡಿಯಿತು.

ಎಲ್ಲರೂ ಬೆಚ್ಚಿ ಒಬ್ಬರನ್ನೊಬ್ಬರು ಹಿಡಿದುಕೊಂಡರು. ದ್ಯಾವಮ್ಮ ಕ್ರಾಸಿನ ಕಡೆ ತಿರುಗಿದಳು. "ಅಲ್ಲೂ ಉಂಟಾ? ಇಲ್ಲೂ ಉಂಟು, ಅಲ್ಲೂ ಉಂಟಾ? ಮನೆಗೆ ಹೋಗದು ಹೆಂಗೆ?"

ಜಯಪ್ರಕಾಶ ತಲೆ ತಗ್ಗಿಸಿದ. ಹೀರೋನ ಮುಖ ತೆರೆಯ ಮೇಲೆ ಬರುವ ಹೊತ್ತಿಗೆ ಹಚ್ಚಲೆಂದು ಸೊಹೈಲ್ ಒಂದನ್ನು ಜೇಬಿನಲ್ಲಿ ಉಳಿಸಿಕೊಂಡಿದ್ದ. ಐದು ಗಂಟೆಯಾಗಿತ್ತು. ಟ್ರೈಲರ್ ಬಂದಿತ್ತು.

"ಅಲ್ಲಿ ಆನೆ ಇಲ್ಲ ದ್ಯಾವಮ್ಮಕ್ಕ," ಎಂದಳು ಸ್ವಾತಿ. "ಮೊದ್ಲೂ ಇರ್ಲಿಲ್ಲ. ಅದು ಸಿನಿಮಾಕ್ಕೆ ಹೊಡ್ದಿದ್ದು. ನಂಗೆ ಬೆಳಿಗ್ಗೇನೇ ಗೊತ್ತಿತ್ತು. ಕೆಲಸ ಹೋಗ್ತದೆ ಅಂತ ಹೇಳ್ಲಿಲ್ಲ."

ಯಾರಾದರೂ ಬೈಯುತ್ತಾರೆ ಎಂದುಕೊಂಡಳು. ಬೈದಿದ್ದರೆ ಒಳ್ಳೆಯದಿತ್ತು. ಗಿಡ್ಡಮ್ಮ ಸೊಸೆಯನ್ನು ಒಂದು ಸಲ ನೋಡಿ, "ನೀನೂ ಹಿಂದೆ ಬಂದ್ಯಲ್ಲೇ, ಗೊತ್ತಿದ್ದೂ," ಎಂದಳು. ಅಷ್ಟೇ.

ಜಯಪ್ರಕಾಶ ತಾಯಿಯನ್ನು ಬೆನ್ನ ಮೇಲೆ ಹೊತ್ತುಕೊಂಡ. ಎಲ್ಲರೂ ಬಂದ ದಾರಿಯಲ್ಲೇ ತಿರುಗಿ ಟಾರ್ ರೋಡಿಗೆ ಬಂದರು. ರೋಡು ಖಾಲಿ ಇತ್ತು, ದೂರದಲ್ಲಿ ಗ್ಯಾರೇಜಿನ ಸ್ಪೀಕರ್ ಕೂಗುತ್ತಿತ್ತು. ಆದರೂ ಯಾರೂ ಗಟ್ಟಿಯಾಗಿ ಹೆಜ್ಜೆ ಇಡಲಿಲ್ಲ. ತಿರುವಿನಲ್ಲಿ ದ್ಯಾವಮ್ಮ ನಿಂತಳು. ಹರಿದ ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಾ, ಸಿಟ್ಟಿಲ್ಲದೆ, ನಿಜಕ್ಕೂ ಗೊತ್ತಿಲ್ಲದವಳ ಹಾಗೆ ಕೇಳಿದಳು.

"ಜೈಯಣ್ಣ, ನಾಳೆಯಿಂದ ಮೂರು ಕೇಳಿದ್ರೆ ನಾವು ಯಾವ ಕಡೆ ಓಡದು?"

ಅವನು ತಾಯಿಯನ್ನು ಬೆನ್ನ ಮೇಲೆ ಸರಿಪಡಿಸಿಕೊಂಡು ಮುಂದೆ ನಡೆದ. ಸ್ವಾತಿ ಅವನ ಕೈಯಿಂದ ಖಾಲಿ ಡಬ್ಬಿ ತೆಗೆದುಕೊಂಡು ಪಕ್ಕದಲ್ಲಿ ನಡೆದಳು. ಲೈನ್ ಮನೆ ಮುಟ್ಟುವವರೆಗೂ ಹೆಂಗಸರು ಅವನ ಉತ್ತರಕ್ಕೆ ಕಾಯುತ್ತಲೇ ಇದ್ದರು.